ಆಲೆಮನೆಯಿಂದ ಒಂದನೇ ತರಗತಿಗೆ

ಬರುವ ಜೂನ್‌ಗೆ ಮಗಳು ಒಂದನೇ ತರಗತಿಗೆ ಸೇರುತ್ತಾಳೆ. ಚಾಮುಂಡಿಪುರಂನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಸರ್ಕಾರಿ ಶಾಲೆ, ಅದರಲ್ಲಿ ದ್ವಿಭಾಷಾ ವಿಭಾಗ, ಅಂದರೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಾಠ. ವಿಷಯ ತಿಳಿದವರೆಲ್ಲ ಮೊದಲು ಕೇಳುವುದು, "ಇಂಗ್ಲಿಷ್ ಎಷ್ಟು ಕಲಿಸಿದ್ದೀರಿ?" ಎಂದು. ಹಾಲಿನ ಬೂತಿನ ಬಳಿ, ಮದುವೆ ಊಟದ ಪಂಕ್ತಿಯಲ್ಲಿ, ನಾನು ಕರಡು ತಿದ್ದುವ ಕೆಲಸ ಮಾಡುವ ಅಗ್ರಹಾರದ ಮುದ್ರಣಾಲಯದಲ್ಲಿ, ಎಲ್ಲ ಕಡೆಯೂ ಇದೇ ಮಾತು. ಕೇಳುವವರಲ್ಲಿ ಕಳಕಳಿಯೇ ಇರುತ್ತದೆ. ಸದ್ಯಕ್ಕೆ ಮನೆಯಲ್ಲಿ ಕನ್ನಡವನ್ನೇ ಗಟ್ಟಿ ಮಾಡುತ್ತಿದ್ದೇವೆ ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರಿಗೆ ನಿಂತ ನಿಲುವಿನಲ್ಲಿ ವಿವರಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಭಾಗದ ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. 2019-20ರಲ್ಲಿ ಕರ್ನಾಟಕ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಕನ್ನಡ ಮಾಧ್ಯಮ ಅದೇ ಶಾಲೆಯಲ್ಲಿ ಪಕ್ಕದಲ್ಲೇ ಮುಂದುವರಿಯಿತು. ಆಮೇಲೆ ಇಂಥ ಶಾಲೆಗಳು ಹೆಚ್ಚುತ್ತ ಬಂದವು. ಗಣಿತ ಮತ್ತು ಪರಿಸರ ಅಧ್ಯಯನದ ಪುಸ್ತಕಗಳು ಎರಡೂ ಭಾಷೆಯಲ್ಲಿ ಅಚ್ಚಾಗಿ ಬರುತ್ತವೆ. ಆ ನಿರ್ಧಾರಕ್ಕೆ ಬಂದ ವಿರೋಧ ಸಣ್ಣದಾಗಿರಲಿಲ್ಲ. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷರಾಗಿದ್ದ ಚಂದ್ರಶೇಖರ ಕಂಬಾರರೇ ಇದನ್ನು ಆಕ್ಷೇಪಿಸಿದ್ದರು. ಅದಕ್ಕೂ ಮೊದಲು, 2014ರ ಮೇ ತಿಂಗಳಲ್ಲಿ, ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವ ಕಡೆಯಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಪಾಠವಾಗಲಿ ಎನ್ನುತ್ತದೆ. ನನ್ನನ್ನು ಕೇಳಿದರೆ ನಾನು ಈ ಕೊನೆಯ ಮಾತಿನ ಪರ. ಆದರೆ ಮಗಳು ನನ್ನೊಬ್ಬಳ ಮಗಳಲ್ಲ. ಮನೆಯಲ್ಲಿ ಇಬ್ಬರೂ ಕೂತು ಮಾತನಾಡಿ ಒಪ್ಪಿದ ದಾರಿ ದ್ವಿಭಾಷಾ ವಿಭಾಗ.

ನಮ್ಮ ಮನೆಯವರು ನಾಗಮಂಗಲದ ಕಡೆಯವರು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಒಳ್ಳೆಯ ಅಂಕ, ಊರಿನವರ ಮೆಚ್ಚುಗೆ. ಡಿಪ್ಲೊಮಾಕ್ಕೆ ಸೇರಿದ ಮೊದಲ ವಾರವೇ ನೆಲ ಕುಸಿದಂತಾಯಿತಂತೆ. ಹಲಗೆಯ ಮೇಲಿದ್ದುದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಳ್ಳುವುದು, ಕೊಠಡಿಗೆ ಬಂದು ಅದನ್ನೇ ದಿಟ್ಟಿಸುತ್ತ ಕೂರುವುದು. "ಅರ್ಥವಾಗಲಿಲ್ಲ ಎಂದು ಹೇಳುವುದಕ್ಕೂ ಅಲ್ಲಿ ಇಂಗ್ಲಿಷ್ ಬೇಕಿತ್ತು. ಅದಕ್ಕೇ ಒಂದು ವರ್ಷ ಬಾಯಿ ಬಿಡಲಿಲ್ಲ" ಎನ್ನುತ್ತಾರೆ. ಈಗ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಹತ್ತಾರು ಹುಡುಗರಿಗೆ ಕೆಲಸ ಕಲಿಸುವ ಮನುಷ್ಯ, ಆ ಒಂದು ವರ್ಷವನ್ನು ನೆನೆದರೆ ಇಂದಿಗೂ ದನಿ ತಗ್ಗಿಸುತ್ತಾರೆ. ಇಂಗ್ಲಿಷ್ ಬೇಕೆನ್ನುವ ತಂದೆತಾಯಿಗಳನ್ನು ಕನ್ನಡದ ಮೇಲೆ ಪ್ರೀತಿಯಿಲ್ಲದವರು ಎಂದು ತಳ್ಳಿಹಾಕುವ ಮಾತು ಕೇಳಿದಾಗಲೆಲ್ಲ ನನಗೆ ಈ ದನಿ ನೆನಪಾಗುತ್ತದೆ. ಆ ಬೇಡಿಕೆಯ ಹಿಂದೆ ಎಷ್ಟೋ ಸಲ ಒಂದು ಹಳೆಯ ಅವಮಾನವಿರುತ್ತದೆ.

ಹಾಗಾಗಿ ಮನೆಯಲ್ಲೂ ಈಗಿನಿಂದಲೇ ಇಂಗ್ಲಿಷ್ ಮಾತನಾಡೋಣ ಎಂದು ಅವರು ಹೇಳಿದಾಗ ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬದಲಿಗೆ, ಆ ವರ್ಷದಿಂದ ಹೊರಬಂದದ್ದು ಹೇಗೆ ಎಂದು ಕೇಳಿದೆ. ಅವರ ಉತ್ತರದಲ್ಲೇ ನಮಗಿಬ್ಬರಿಗೂ ದಾರಿ ಸಿಕ್ಕಿತು. ಪ್ರೌಢಶಾಲೆಯಲ್ಲಿ ಅವರಿಗೆ ಬಲ, ಒತ್ತಡ, ಘರ್ಷಣೆ ಇವುಗಳನ್ನೆಲ್ಲ ಸೈಕಲ್ಲು, ಬಾವಿಯ ರಾಟೆ, ಎತ್ತಿನ ಗಾಡಿ ಇಟ್ಟುಕೊಂಡು ಕಲಿಸಿದ ಮೇಷ್ಟ್ರೊಬ್ಬರಿದ್ದರು. ಡಿಪ್ಲೊಮಾದ ಎರಡನೇ ವರ್ಷ ಗೆಳೆಯನೊಬ್ಬ ಪಕ್ಕ ಕೂತು, ಇದು ಘರ್ಷಣೆ, ಅದು ಒತ್ತಡ ಎಂದು ತೋರಿಸಿಕೊಟ್ಟನಂತೆ. ತಲೆಯೊಳಗೆ ವಿಷಯ ಮೊದಲೇ ಇತ್ತು, ಹೆಸರು ಬದಲಾಗಬೇಕಿತ್ತು ಅಷ್ಟೇ. ಕೆಲವೇ ತಿಂಗಳಲ್ಲಿ ತರಗತಿಯ ಮುಂದಿನ ಸಾಲಿಗೆ ಬಂದರು. ಅವರ ಜೊತೆ ಸೇರಿದ, ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡಿ ಬಂದಿದ್ದ ಕೆಲವರಿಗೆ ಅದು ಸಾಧ್ಯವಾಗಲಿಲ್ಲ ಎಂದು ಅವರೇ ಹೇಳಿದರು.

ಎರಡು ಭಾಷೆಯ ಶಾಲೆಗೆ ಹೋಗುವ ಮಗುವಿಗೆ ಮನೆಯಿಂದ ಕಟ್ಟಿಕೊಡಬೇಕಾದದ್ದು ಹೀಗೆ ಮೊದಲೇ ತಲೆಯೊಳಗಿರುವ ವಿಷಯವನ್ನು. ಇಷ್ಟನ್ನು ಹೇಳಬೇಕೆಂದೇ ಈ ಬರಹ.

ಸಂಕ್ರಾಂತಿಗೆ ಪಾಂಡವಪುರದ ಹತ್ತಿರವಿರುವ ನನ್ನ ತವರಿಗೆ ಹೋಗಿದ್ದಾಗ ಅಪ್ಪ ಮೊಮ್ಮಗಳನ್ನು ಆಲೆಮನೆಗೆ ಕರೆದೊಯ್ದರು. ಗಾಣದಲ್ಲಿ ಕಬ್ಬು ಅರೆದು ರಸ ಹರಿಯುವುದು, ಅದು ಕೊಪ್ಪರಿಗೆಗೆ ಬಿದ್ದು ಕುದಿಯುವುದು, ಕೊಳೆ ಬಿಡಿಸಲು ಸುಣ್ಣ ಹಾಕುವುದು, ಮೇಲೆ ಬಂದ ನೊರೆಯನ್ನು ಜಾಲರಿಯಲ್ಲಿ ತೆಗೆಯುವುದು, ರಸ ಗಟ್ಟಿಯಾಗುತ್ತ ಪಾಕಕ್ಕೆ ಬರುವುದು, ಅದನ್ನು ಅಚ್ಚಿಗೆ ಸುರಿಯುವುದು. ಬೆಂಕಿಗೆ ಹಾಕುವುದು ರಸ ಹಿಂಡಿ ಒಣಗಿಸಿದ ಅದೇ ಕಬ್ಬಿನ ಸಿಪ್ಪೆ. ಇಷ್ಟನ್ನೂ ಅವಳು ದೂರದಲ್ಲಿ ನಿಂತು ನೋಡಿದಳು. ಅವಳಿಗೆ ಕಾಡಿದ ಪ್ರಶ್ನೆ ಒಂದೇ: ಕೊಪ್ಪರಿಗೆ ತುಂಬ ಇದ್ದ ರಸ ಎಲ್ಲಿ ಹೋಯಿತು? ಇಷ್ಟೇ ಇಷ್ಟು ಬೆಲ್ಲ ಉಳಿದದ್ದು ಯಾಕೆ?

"ಅದರಲ್ಲಿದ್ದ ನೀರು ಆವಿಯಾಗಿ ಹೋಯಿತು ಕಣವ್ವ. ನೋಡು, ಮೇಲೆ ಹೋಗುತ್ತಿದೆಯಲ್ಲ, ಅದೇ" ಎಂದರು ಅಪ್ಪ.

"ಸಿಹಿ ಯಾಕೆ ಹೋಗಲಿಲ್ಲ, ತಾತ?"

ಅಪ್ಪ ಅವಳನ್ನು ಅಲ್ಲೇ ಕೂರಿಸಿಕೊಂಡು, ನೀರು ಮಾತ್ರ ಹಾರಿಹೋಗುತ್ತದೆ, ಸಿಹಿ ತಳದಲ್ಲೇ ಉಳಿಯುತ್ತದೆ, ಅದಕ್ಕೇ ರಸಕ್ಕಿಂತ ಬೆಲ್ಲ ಹೆಚ್ಚು ಸಿಹಿ ಎಂದು ಹೇಳಿದರು. ಅವರು ಓದಿದ್ದು ಏಳನೇ ತರಗತಿ. ಮೈಸೂರಿಗೆ ಮರಳಿದ ಮೇಲೆ ಮಗಳು ಒಲೆಯ ಮೇಲೆ ಸಾರು ಹೆಚ್ಚು ಹೊತ್ತು ಕುದಿದರೆ ಉಪ್ಪಾಗುವುದು ಯಾಕೆ ಎಂದು ತಾನೇ ಹೇಳಿದಳು. ತಂತಿಯ ಮೇಲಿನ ಒದ್ದೆ ಲಂಗ, ಒರೆಸಿದ ನೆಲ, ಬಿಸಿಲಿಗಿಟ್ಟ ಸಂಡಿಗೆ, ಬೇಸಿಗೆಯಲ್ಲಿ ಕೆಳಗಿಳಿಯುವ ಕಾರಂಜಿ ಕೆರೆಯ ನೀರು, ಎಲ್ಲವನ್ನೂ ಆ ಕೊಪ್ಪರಿಗೆಗೆ ಜೋಡಿಸಿಕೊಂಡಳು. ಮುಂದೊಂದು ದಿನ ಪರಿಸರ ಅಧ್ಯಯನದ ಪುಸ್ತಕದಲ್ಲಿ ಇದೇ ಪಾಠ ಇಂಗ್ಲಿಷಿನಲ್ಲಿ ಎದುರಾದಾಗ ಅವಳು ಕಲಿಯಬೇಕಾದದ್ದು ಒಂದು ಹೊಸ ಹೆಸರು ಮಾತ್ರ. ಈ ಅನುಭವವಿಲ್ಲದೆ, ಇದನ್ನು ಯಾವ ಭಾಷೆಯಲ್ಲೂ ಮಾತನಾಡಿ ಗೊತ್ತಿಲ್ಲದೆ ಬಂದ ಮಗು ವಿಷಯವನ್ನೂ ಹೆಸರನ್ನೂ ಒಟ್ಟಿಗೆ ಹೊರಬೇಕು. ಹಾಗೆ ಹೊರಲಾಗದ ಮಗು ಬಾಯಿಪಾಠದ ಮೊರೆ ಹೋಗುತ್ತದೆ.

ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಿದರು. ಆಟದ ಮೈದಾನದಲ್ಲಿ, ಅಂಗಡಿಯಲ್ಲಿ ಆಡುವ ಮಾತು ಒಂದು ಬಗೆ. ಕಾರಣ ಹೇಳುವ, ಹೋಲಿಸುವ, ಎದುರಿಗಿಲ್ಲದ್ದನ್ನು ವಿವರಿಸುವ ಶಾಲೆಯ ಮಾತು ಇನ್ನೊಂದು ಬಗೆ. ವಲಸೆ ಬಂದ ಮಕ್ಕಳಿಗೆ ಹೊಸ ಭಾಷೆಯಲ್ಲಿ ಮೊದಲನೆಯದು ಸುಮಾರು ಎರಡು ವರ್ಷದಲ್ಲಿ ಒಲಿಯುತ್ತದೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂಬುದು ಅವರ ಅಧ್ಯಯನಗಳಿಂದ ತಿಳಿದುಬಂದ ಸಂಗತಿ. ಅಷ್ಟೇ ಮುಖ್ಯವಾದ ಇನ್ನೊಂದು ಮಾತನ್ನೂ ಅವರು ಹೇಳಿದ್ದಾರೆ: ಕಾರಣ ಹೇಳುವ, ಹೋಲಿಸುವ ಶಕ್ತಿ ಒಂದು ಭಾಷೆಯಲ್ಲಿ ಬೆಳೆದರೆ ಇನ್ನೊಂದಕ್ಕೂ ಒದಗುತ್ತದೆ. ನಮ್ಮ ಬಡಾವಣೆಯ ಮಕ್ಕಳು ಪಟಪಟನೆ ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು ಹೇಳುವುದನ್ನು ಕೇಳಿ ಹಿರಿಯರು ಸಂತೋಷಪಡುತ್ತಾರೆ. ಆ ಸಂತೋಷ ತಪ್ಪೇನಲ್ಲ. ಆದರೆ ನಿನ್ನೆ ಏನಾಯಿತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಲು ಬರುವ ಮಗು, ನನ್ನ ಎಣಿಕೆಯಲ್ಲಿ, ನೂರು ಹೆಸರು ಬಲ್ಲ ಮಗುವಿಗಿಂತ ಶಾಲೆಗೆ ಹೆಚ್ಚು ಸಿದ್ಧವಾಗಿರುತ್ತದೆ.

ಹಾಗಾಗಿ ಸಂಜೆಯ ಹೊತ್ತು ನಾವು ಮಾಡುವುದು ಹೆಚ್ಚಾಗಿ ಇದನ್ನೇ. ಭಾನುವಾರ ದೇವರಾಜ ಮಾರುಕಟ್ಟೆಗೆ ಹೋಗಿ ಬಂದರೆ ಆ ದಿನದ ಕಥೆಯನ್ನು ಅವಳು ಊರಿನ ಅಜ್ಜಿಗೆ ಫೋನಿನಲ್ಲಿ ಹೇಳಬೇಕು. ಅಜ್ಜಿ ಎದುರಿಗಿಲ್ಲ, ಬೆರಳು ತೋರಿಸಿ "ಇದು", "ಅದು" ಎಂದರೆ ಆಗುವುದಿಲ್ಲ. ಯಾವ ಬಾಗಿಲಿನಿಂದ ಒಳಗೆ ಹೋದೆವು, ಹೂವಿನವರು ಮಲ್ಲಿಗೆಯನ್ನು ಮೊಳದಲ್ಲಿ ಅಳೆದದ್ದು ಹೇಗೆ, ವೀಳ್ಯದೆಲೆಗೆ ನೀರು ಚಿಮುಕಿಸುವುದು ಯಾಕೆ, ನಂಜನಗೂಡು ರಸಬಾಳೆ ಬೇರೆ ಬಾಳೆಹಣ್ಣಿಗಿಂತ ಹೇಗೆ ಭಿನ್ನ, ಎಲ್ಲವನ್ನೂ ಮಾತಿನಲ್ಲೇ ಕಟ್ಟಿಕೊಡಬೇಕು. ನನ್ನ ಅಮ್ಮ ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ. "ಆಮೇಲೆ?", "ಅದಕ್ಕೆ ಮುಂಚೆ ಎಲ್ಲಿದ್ದಿರಿ?", "ನನಗೆ ಸರಿಯಾಗಿ ತಿಳಿಯಲಿಲ್ಲ, ಇನ್ನೊಮ್ಮೆ ಹೇಳು ಕಂದ" ಎನ್ನುತ್ತಾಳೆ. ಕೇಳುವವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಗಮನಿಸಿ ಮಾತನ್ನು ತಿದ್ದಿಕೊಳ್ಳುವುದನ್ನು ಮಗಳು ಕಲಿತದ್ದು ಈ ಫೋನಿನಿಂದಲೇ. ನಮ್ಮ ಮನೆಯವರೂ ಈಗ ಊಟದ ಹೊತ್ತಿಗೆ ಕಾರ್ಖಾನೆಯ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಕನ್ನಡದಲ್ಲೇ ಅವಳಿಗೆ ವಿವರಿಸುತ್ತಾರೆ. ಹಾಗೆ ವಿವರಿಸುವಾಗ ಅವರ ಮುಖದಲ್ಲಿ ಕಾಣುವ ಗೆಲುವು ನನಗೆ ಬಹಳ ಇಷ್ಟ.

ದ್ವಿಭಾಷಾ ಶಾಲೆ ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಅಮೆರಿಕದ ಸಲಹೆಗಳು ರಾಶಿ ರಾಶಿ ಸಿಗುತ್ತವೆ. ಅವನ್ನು ಓದುವಾಗ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿನ ಇಂಥ ಶಾಲೆಗಳಲ್ಲಿ ಹೆಸರಾದದ್ದು ಮಯಾಮಿಯ ಕೋರಲ್ ವೇ ಪ್ರಾಥಮಿಕ ಶಾಲೆ. ಕ್ಯೂಬಾದಿಂದ ನಿರಾಶ್ರಿತ ಕುಟುಂಬಗಳು ಬಂದು ನೆಲೆಸುತ್ತಿದ್ದ ಕಾಲದಲ್ಲಿ, 1963ರಲ್ಲಿ, ಅಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪಾಠ ಶುರುವಾಯಿತು. ಸ್ಪ್ಯಾನಿಷ್ ಮನೆಮಾತಿನ ಮಕ್ಕಳೂ ಇಂಗ್ಲಿಷ್ ಮನೆಮಾತಿನ ಮಕ್ಕಳೂ ಒಂದೇ ಶಾಲೆಯಲ್ಲಿದ್ದರು, ಇಂಗ್ಲಿಷನ್ನು ಹುಟ್ಟಿನಿಂದ ಬಲ್ಲ ಶಿಕ್ಷಕರೂ ಸ್ಪ್ಯಾನಿಷನ್ನು ಹುಟ್ಟಿನಿಂದ ಬಲ್ಲ ಶಿಕ್ಷಕರೂ ಇದ್ದರು. ಮಗು ಇನ್ನೊಂದು ಭಾಷೆಯನ್ನು ಪಕ್ಕದಲ್ಲಿ ಕೂತ ಗೆಳತಿಯಿಂದಲೇ ಕಲಿಯಬಹುದಿತ್ತು. ನಮ್ಮ ಶಾಲೆಯಲ್ಲಿ ಹಾಗಿಲ್ಲ. ತರಗತಿಯ ಒಂದು ಮಗುವಿನ ಮನೆಮಾತೂ ಇಂಗ್ಲಿಷ್ ಅಲ್ಲ. ಇಂಗ್ಲಿಷ್ ಬರುವುದಿದ್ದರೆ ಶಿಕ್ಷಕಿಯ ಬಾಯಿಂದ, ಪುಸ್ತಕದಿಂದ ಮಾತ್ರ. ಆಟ, ಜಗಳ, ಗುಟ್ಟು ಎಲ್ಲವೂ ಕನ್ನಡದಲ್ಲಿ ನಡೆಯುತ್ತವೆ, ಕೆಲವರಲ್ಲಿ ಉರ್ದು ಅಥವಾ ತಮಿಳಿನಲ್ಲಿ. ಹಾಗಿರುವಾಗ ಅಲ್ಲಿನಂತೆ ಅರ್ಧ ದಿನ ಒಂದು ಭಾಷೆ, ಅರ್ಧ ದಿನ ಇನ್ನೊಂದು ಎಂದು ಮನೆಯಲ್ಲಿ ಕಟ್ಟುಪಾಡು ಮಾಡಿದರೆ, ಅಪ್ಪ ಅಮ್ಮನಿಗೇ ಅರೆಬರೆ ಬರುವ ಭಾಷೆಯಲ್ಲಿ ಮಗು ಮಾತು ಕೇಳಿಸಿಕೊಳ್ಳಬೇಕಾಗುತ್ತದೆ. "ಬಾ", "ತಿನ್ನು", "ಮಲಗು" ಎನ್ನುವಷ್ಟು ಇಂಗ್ಲಿಷ್ ನಮಗೂ ಬರುತ್ತದೆ. ಆಲೆಮನೆಯನ್ನು ಆ ಇಂಗ್ಲಿಷಿನಲ್ಲಿ ವಿವರಿಸಲು ನನ್ನಿಂದ ಆಗುವುದಿಲ್ಲ, ಅಪ್ಪನಿಂದಂತೂ ಆಗದು. ಮನೆಯ ಮಾತು ಬಡವಾದರೆ ಅಪ್ಪನಂಥವರು ಮಗುವಿನ ಕಲಿಕೆಯಿಂದಲೇ ಹೊರಗುಳಿಯುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವೆನಿಸುವುದು ಅದೇ.

ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆ ಎನ್ನುವವರೂ ಇದ್ದಾರೆ. ಅವರಿಗೆ ನಾನು ಪಕ್ಕದ ಬೀದಿಯ, ಮಗಳ ವಯಸ್ಸಿನದೇ ಹುಡುಗಿಯನ್ನು ತೋರಿಸುತ್ತೇನೆ. ತಾಯಿಯ ಜೊತೆ ಉರ್ದು, ನಮ್ಮ ಮನೆಗೆ ಬಂದರೆ ಅಚ್ಚ ಮೈಸೂರು ಕನ್ನಡ. ಒಂದೇ ಉಸಿರಿನಲ್ಲಿ ತಾಯಿಗೊಂದು ಮಾತು, ನನಗೊಂದು ಮಾತು ಹೇಳಿ ಓಡುತ್ತಾಳೆ. ನಡುವೆ ಒಂದೆರಡು ಪದ ಬೆರೆತರೆ ಅದು ಗೊಂದಲವಲ್ಲ, ಕೈಗೆ ಸಿಕ್ಕ ಪದದಿಂದ ಕೆಲಸ ನಡೆಸುವ ಜಾಣತನ. ದ್ವಿಭಾಷಿಕತೆ ಬುದ್ಧಿಯನ್ನು ಕುಗ್ಗಿಸುತ್ತದೆ ಎಂದು ಒಂದು ಕಾಲದಲ್ಲಿ ವಿದ್ವಾಂಸರೇ ನಂಬಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹತ್ತು ವರ್ಷದ ಮಕ್ಕಳ ಮೇಲೆ ಸಂಶೋಧಕರಾದ ಪೀಲ್ ಮತ್ತು ಲ್ಯಾಂಬರ್ಟ್ ನಡೆಸಿದ ಅಧ್ಯಯನದಿಂದ ಆ ನಂಬಿಕೆ ಸಡಿಲವಾಯಿತು. ಮೈಸೂರಿನ ಮೊಹಲ್ಲಾಗಳಲ್ಲಿ ಬೆಳೆದವರಿಗೆ ಅದು ಹೊಸ ಸುದ್ದಿಯಲ್ಲ.

ಮಾತಿನ ಕಥೆ ಇದಾದರೆ ಓದಿನದು ಬೇರೆಯೇ. "ಕನ್ನಡ ಮನೆಯಲ್ಲೇ ಇದೆಯಲ್ಲ, ತಾನಾಗಿ ಬರುತ್ತದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾತು ತಾನಾಗಿ ಬಂದೀತು, ಓದು ಬರುವುದಿಲ್ಲ. ವರ್ಣಮಾಲೆಯ 49 ಅಕ್ಷರಗಳ ಮೇಲೆ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳ ಓದಿನ ಬಗ್ಗೆ ಸಂಶೋಧನೆ ನಡೆಸಿದ ಸೊನಾಲಿ ನಾಗ್ ಅವರು, ಇಷ್ಟು ಅಕ್ಷರರೂಪಗಳು ಕೈವಶವಾಗುವುದಕ್ಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆ ಎಂದು ತೋರಿಸಿದ್ದಾರೆ. ಇಂಗ್ಲಿಷಿಗೆ 26 ಅಕ್ಷರ ಸಾಕು, ಆದರೆ ಒಂದೊಂದಕ್ಕೆ ಹಲವು ಉಚ್ಚಾರ. ಕನ್ನಡದ ಅಕ್ಷರಗಳು ಬಹಳ, ಆದರೆ ಒಮ್ಮೆ ಕಲಿತರೆ ನಂಬಿಸಿ ಕೈಕೊಡುವುದಿಲ್ಲ. ದ್ವಿಭಾಷಾ ವಿಭಾಗದಲ್ಲಿ ಶಾಲೆಯ ಹೊತ್ತು ಈ ಎರಡು ಲಿಪಿಗಳ ನಡುವೆ ಹಂಚಿಹೋಗುತ್ತದೆ. ಕನ್ನಡಕ್ಕೆ ಕಡಿಮೆಯಾದ ಹೊತ್ತನ್ನು ತುಂಬಿಕೊಡಬೇಕಾದವರು ನಾವು.

ಅಕ್ಷರ ಕಲಿಸುವ ಕ್ರಮದ ಬಗ್ಗೆ ಮನೆಯಲ್ಲಿ ಸ್ವಲ್ಪ ಚರ್ಚೆಯಾಯಿತು. ಅಪ್ಪನಿಗೆ ಅ ಆ ಇ ಈ ಎಂದು ಮರಳಿನ ಮೇಲೆ ತಿದ್ದಿಸಿದರೇ ಸಮಾಧಾನ. ನಾನು ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ಕ್ರಮ ಹಿಡಿದೆ: ರ, ಗ, ಸ, ದ, ಅ. ಬರೆಯಲು ಸುಲಭವಾದ, ಆಕಾರದಲ್ಲಿ ಹೋಲುವ ಅಕ್ಷರಗಳು ಮೊದಲು. ಐದು ಅಕ್ಷರ ಬಂದ ಕೂಡಲೇ ಅರಸ, ಸರ, ಗರಗಸ, ದರ ಎಂದು ಮಗು ಪದ ಓದಿಬಿಡುತ್ತದೆ. ಆಮೇಲೆ ಜ, ವ, ಮ, ಬ, ನ. ಈ ಪದ್ಧತಿ ರೂಪುಗೊಂಡದ್ದು ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರ ಸುಮಾರಿಗೆ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಾರ್ಡು, ಹಾಡು, ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿಗಳನ್ನು ಮಾಡಿಕೊಂಡರು. ಕಾಡಂಚಿನ ತಾಲ್ಲೂಕಿನಿಂದ ಹೊರಟ ಪದ್ಧತಿ ರಾಜ್ಯದ ತುಂಬ ಹರಡಿತು ಎನ್ನುವುದು ಈ ಜಿಲ್ಲೆಯವಳಾಗಿ ನನಗೆ ಹೆಮ್ಮೆಯ ವಿಷಯ. ಮಗಳು ಮೊದಲ ಸಲ "ಸರಸರ" ಎಂದು ತಾನೇ ಓದಿದ ದಿನ ಅಪ್ಪ ಮರಳಿನ ತಟ್ಟೆಯನ್ನು ಒಳಗಿಟ್ಟು, ರಟ್ಟಿನ ಮೇಲೆ ಅಕ್ಷರ ಬರೆದು ಕತ್ತರಿಸಿಕೊಡಲು ಕೂತರು.

ಕಥೆ ಪುಸ್ತಕಗಳು ಬೇಕೇ ಬೇಕು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳಲ್ಲಿ ಆರಿಸಿ ತಂದ ಪುಸ್ತಕಗಳು ಈಗ ಅಂಚು ಹರಿದು ಕೂತಿವೆ. ಮಕ್ಕಳ ಪುಸ್ತಕ ಹರಿಯುವಷ್ಟು ಬಳಕೆಯಾಗಲಿ. ರಾತ್ರಿ ನಾನು ಓದುವಾಗ ಬೆರಳು ಸಾಲಿನ ಮೇಲೆ ಸಾಗುತ್ತದೆ, ಅವಳ ಕಣ್ಣು ಬೆರಳಿನ ಹಿಂದೆ. ಓದಿ ಮುಗಿಸಿದ ಮೇಲೆ ಪ್ರಶ್ನೋತ್ತರ ಮಾಡುವುದಿಲ್ಲ. ಅವಳಿಗೆ ಹೇಳಬೇಕೆನಿಸಿದರೆ ಹೇಳುತ್ತಾಳೆ.

ಇಂಗ್ಲಿಷಿಗೆ ಬಾಗಿಲು ಹಾಕಿದ್ದೇವೆಂದು ಯಾರೂ ತಿಳಿಯಬಾರದು. ಹಾಡುಗಳಿವೆ, ದೊಡ್ಡ ಚಿತ್ರಗಳ ಸಣ್ಣ ಕಥೆಗಳಿವೆ, ಅವನ್ನು ಅವಳು ಖುಷಿಯಿಂದ ಕೇಳುತ್ತಾಳೆ. ನೀರು ಬೇಕು, ಶೌಚಾಲಯಕ್ಕೆ ಹೋಗಬೇಕು, ಹೊಟ್ಟೆ ನೋಯುತ್ತಿದೆ, ಇನ್ನೊಮ್ಮೆ ಹೇಳಿ ಎಂಬ ಕೆಲವು ಮಾತುಗಳನ್ನು ಇಂಗ್ಲಿಷಿನಲ್ಲಿ ಆಟವಾಡುತ್ತ ಕಲಿತಿದ್ದಾಳೆ. ಕಾಗದದ ಮೇಲಿನ ಅಕ್ಷರಕ್ಕೆ ಅವಸರ ಮಾಡಿಲ್ಲ, ಕಿವಿ ಪಳಗಲಿ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಏನೂ ಹೇಳದೆ ಕೇಳಿಸಿಕೊಳ್ಳುತ್ತಲೇ ಇರಬಹುದು. ಆ ಮೌನದಲ್ಲೂ ಕಲಿಕೆ ನಡೆಯುತ್ತಿರುತ್ತದೆ ಎಂದು ಭಾಷಾ ಶಿಕ್ಷಣ ಬಲ್ಲವರು ಹೇಳುತ್ತಾರೆ. ದಾಖಲಾತಿಗೆ ಮುಂಚೆ ಶಾಲೆಗೆ ಹೋಗಿ ಒಂದನೇ ತರಗತಿಯ ಟೀಚರನ್ನು ಕಂಡಾಗ ಅವರೂ ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು. "ಮೊದಲ ಮೂರು ತಿಂಗಳು ಇಂಗ್ಲಿಷ್ ಬಂತಾ ಎಂದು ದಿನಾ ಕೇಳಬೇಡಿ ಮೇಡಂ. ಬುತ್ತಿ ಡಬ್ಬಿ ತೆಗೆಯಲು ಬರಲಿ, ತನ್ನ ಸರದಿಗೆ ಕಾಯಲು ಬರಲಿ, ನೋವಾದರೆ ಯಾರಿಗೆ ಹೇಳಬೇಕು ಎಂದು ಗೊತ್ತಿರಲಿ. ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು. ಎರಡು ಭಾಷೆಯ ಪುಸ್ತಕವಿಟ್ಟುಕೊಂಡು ಒಂದು ಕೊಠಡಿ ತುಂಬ ಮಕ್ಕಳಿಗೆ ಪಾಠ ಮಾಡುವ ಅವರ ಹೊರೆಯನ್ನು ನಾವು ಹೊರಗಿನವರು ಸಾಕಷ್ಟು ಗಮನಿಸುವುದಿಲ್ಲ. ತಾವೇ ಕನ್ನಡ ಮಾಧ್ಯಮದಲ್ಲಿ ಓದಿದವರು, ಈಗ ಇಂಗ್ಲಿಷಿನಲ್ಲಿ ಗಣಿತ ಹೇಳಿಕೊಡುತ್ತಾರೆ, ಅದಕ್ಕಾಗಿ ರಾತ್ರಿ ಕೂತು ಸಿದ್ಧತೆ ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾದ ತರಬೇತಿಯನ್ನು ಸರ್ಕಾರ ಕೈಬಿಚ್ಚಿ ಕೊಡಬೇಕು. ಭಾರತೀಯ ಭಾಷಾ ಸಂಸ್ಥಾನವೂ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇರುವ ಊರು ನಮ್ಮದು. ಇಲ್ಲಿ ಆಗದಿದ್ದರೆ ಇನ್ನೆಲ್ಲಿ ಆದೀತು?

ಟೀಚರ್ ಹೇಳಿದ ಡಬ್ಬಿ, ಚೀಲ, ಶೂ, ಬೇಗ ಏಳುವ ಅಭ್ಯಾಸ ಎಲ್ಲ ನಡೆದಿದೆ. ಇವುಗಳ ಜೊತೆಗೆ ಮಗಳಿಗೆ ನಾವು ಮತ್ತೆ ಮತ್ತೆ ಹೇಳುತ್ತಿರುವ ಮಾತು ಒಂದಿದೆ. ತರಗತಿಯಲ್ಲಿ ತಿಳಿಯದಿದ್ದರೆ ಕೈ ಎತ್ತಿ ಕನ್ನಡದಲ್ಲೇ ಕೇಳು, ಟೀಚರ್ ಬೈಯುವುದಿಲ್ಲ. ಇದನ್ನು ನನಗಿಂತ ಹೆಚ್ಚು ಸಲ ಹೇಳುವವರು ಅವಳ ಅಪ್ಪ.

ಆ ಮಾತು ಶಾಲೆಯಲ್ಲೂ ನಿಜವಾಗಿಯೇ ನಡೆಯುವಂತೆ ನೋಡಿಕೊಳ್ಳುವುದು ಈಗ ನಮ್ಮ ಕೆಲಸ. ಜೂನ್‌ನಲ್ಲಿ ಪೋಷಕರ ಸಭೆ ಕರೆದಾಗ ನಾವಿಬ್ಬರೂ ಹೋಗುತ್ತೇವೆ. ಕೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದೇವೆ: ಪರಿಸರ ಅಧ್ಯಯನದ ಪಾಠವನ್ನು ಮೊದಲು ಕನ್ನಡದಲ್ಲಿ ಮಾತನಾಡಿಸಿ ಆಮೇಲೆ ಇಂಗ್ಲಿಷಿಗೆ ಹೋಗುತ್ತೀರಾ? ಕನ್ನಡ ಓದಿಗೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಕಥೆ ಪುಸ್ತಕಗಳನ್ನು ಮನೆಗೆ ಕೊಡುತ್ತೀರಾ? ಗಣಿತದ ಲೆಕ್ಕಕ್ಕೆ ಮಗು ಕನ್ನಡದಲ್ಲಿ ಸರಿಯಾದ ಉತ್ತರ ಹೇಳಿದರೆ ಅದಕ್ಕೆ ಪೂರ್ತಿ ಅಂಕ ಇದೆಯಾ?